ವಿಎಂಗೆ ನೆಟ್‌ವರ್ಕ್ ಕಾರ್ಡ್ ಕೊಡಲು ಹೋದರೆ ಲಿನಕ್ಸ್ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಸಣ್ಣ ಆಫೀಸು. ಒಂದೇ ಮೆಷಿನ್ (ಹೋಸ್ಟ್), ಅದರಲ್ಲಿ ಪ್ರಾಕ್ಸ್‌ಮಾಕ್ಸ್, ಅಂದರೆ ಹಲವು ವರ್ಚುವಲ್ ಮೆಷಿನ್ (ವಿಎಂ) ಓಡಿಸುವ ಲಿನಕ್ಸ್ ಆಧಾರಿತ ಸಾಫ್ಟ್‌ವೇರ್. ಫೈರ್‌ವಾಲ್ ಅನ್ನು ವಿಎಂ ಆಗಿ ಓಡಿಸಿ, ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡನ್ನು ಅದಕ್ಕೇ ಪಾಸ್‌ಥ್ರೂ ಮಾಡಬೇಕು, ಅಂದರೆ ನೇರವಾಗಿ ಒಪ್ಪಿಸಬೇಕು ಅಂತಿದ್ದೇನೆ. ವಿಎಂ ಶುರು ಮಾಡಿದರೆ ಐಒಎಂಎಂಯು ಗ್ರೂಪ್ ಸರಿಯಿಲ್ಲ ಎಂಬ ಎರರ್ ಬರುತ್ತದೆ. ನೋಡಿದರೆ ಅದೇ ಗ್ರೂಪಿನಲ್ಲಿ ಹೋಸ್ಟಿನ ಸಾಟಾ ಕಂಟ್ರೋಲರ್, ಒಂದು ಯುಎಸ್‌ಬಿ ಕಂಟ್ರೋಲರ್ ಕೂಡ ಇವೆ. ಬೂಟ್ ಲೈನಿಗೆ ಎಸಿಎಸ್ ಓವರ್‌ರೈಡ್ ಸೇರಿಸಿದರೆ ಸಾಕು ಅಂತ ಒಂದು ವಿಡಿಯೋದಲ್ಲಿ ಹೇಳಿದ್ದಾರೆ. ಮಾಡಬಹುದಾ ಮೇಡಂ? ಮೊದಲೇ ಇಷ್ಟು ಬಿಗಿ ಯಾಕೆ ಇಟ್ಟಿದ್ದಾರೆ?

ಉತ್ತರ: ಫೈರ್‌ವಾಲ್‌ಗೆ ಬೇಡ. ಕಾರಣ ಹೇಳುತ್ತೇನೆ.

ನೆಟ್‌ವರ್ಕ್ ಕಾರ್ಡು ಸಿಪಿಯುವನ್ನು ಕೇಳದೆ ನೇರವಾಗಿ ಮೆಮೊರಿ ಓದುತ್ತದೆ, ಬರೆಯುತ್ತದೆ. ಇದೇ ಡಿಎಂಎ. ಕಾರ್ಡನ್ನು ವಿಎಂ ಕೈಗೆ ಕೊಟ್ಟರೆ, ಯಾವ ವಿಳಾಸಕ್ಕೆ ಬರೆಯಬೇಕು ಎಂದು ಕಾರ್ಡಿಗೆ ಹೇಳುವುದು ಆ ವಿಎಂ. ತಡೆಯುವವರು ಇಲ್ಲದಿದ್ದರೆ ಹೋಸ್ಟಿನ ಮೆಮೊರಿ ಪೂರ್ತಿ ಅದರ ಕೈಯಲ್ಲಿ. ತಡೆಯುವ ಕೆಲಸ ಐಒಎಂಎಂಯುದು. ಇಂಟೆಲ್‌ನಲ್ಲಿ ಇದನ್ನೇ ವಿಟಿ-ಡಿ ಅಂತಾರೆ. ಡಿವೈಸ್ ಕೇಳುವ ಪ್ರತಿ ವಿಳಾಸವನ್ನೂ ನೋಡಿ, ಆ ವಿಎಂಗೆ ಸೇರಿದ ಜಾಗಕ್ಕೆ ಮಾತ್ರ ಬಿಡುತ್ತದೆ.

ತೊಂದರೆ ಏನೆಂದರೆ, ಎಲ್ಲ ಮಾತೂ ಐಒಎಂಎಂಯು ತನಕ ಹೋಗುವುದಿಲ್ಲ. ಒಂದೇ ಪಿಸಿಐಇ ಸ್ವಿಚ್ ಅಥವಾ ಬ್ರಿಡ್ಜಿನ ಕೆಳಗಿರುವ ಎರಡು ಡಿವೈಸುಗಳು ಅಲ್ಲಲ್ಲೇ, ಪಕ್ಕದಿಂದ ಪಕ್ಕಕ್ಕೆ ಮಾತಾಡಿಕೊಳ್ಳಬಹುದು. ಹಾಗೆ ಆಗದಂತೆ ಎಲ್ಲವನ್ನೂ ಮೇಲಕ್ಕೆ ಕಳಿಸುವ ಹಾರ್ಡ್‌ವೇರ್ ಸೌಲಭ್ಯವೇ ಎಸಿಎಸ್. ಅದು ಇಲ್ಲದ ಕಡೆ ಲಿನಕ್ಸ್ ಆ ಡಿವೈಸುಗಳನ್ನೆಲ್ಲ ಒಂದೇ ಗ್ರೂಪಿಗೆ ಹಾಕುತ್ತದೆ. 2012ರಲ್ಲಿ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) 3.6ರ ಜೊತೆ ಬಂದ ವಿಎಫ್‌ಐಒ, ಅಂದರೆ ಡಿವೈಸನ್ನು ವಿಎಂಗೆ ಒಪ್ಪಿಸುವ ಭಾಗ, ಗ್ರೂಪನ್ನು ಒಡೆದು ಕೊಡುವುದಿಲ್ಲ. ಅದರಲ್ಲಿ ಒಂದು ಡಿವೈಸ್ ಹೋಸ್ಟಿನ ಡ್ರೈವರ್ ಕೈಯಲ್ಲಿದ್ದರೂ ವಿಎಂಗೆ ಏನೂ ಸಿಗುವುದಿಲ್ಲ. ನಿಮ್ಮ ಎರರ್ ಇದೇ.

ಈ ಗ್ರೂಪ್ ಪೋಡಿ ಆಗದ ಜಂಟಿ ಪಹಣಿಯ ಹಾಗೆ. ಎಸಿಎಸ್ ಓವರ್‌ರೈಡ್ ಮಾಡುವುದು ಕಾಗದದಲ್ಲಿ ಮಾತ್ರ ಪೋಡಿ ತೋರಿಸುವ ಕೆಲಸ, ಹೊಲದಲ್ಲಿ ಬದು ಹಾಕಿರುವುದಿಲ್ಲ. ಆ ಪ್ಯಾಚನ್ನು ಮೂಲ ಕರ್ನಲ್‌ಗೆ ಸೇರಿಸಿಕೊಂಡಿಲ್ಲ, ಪ್ರಾಕ್ಸ್‌ಮಾಕ್ಸ್ ತನ್ನ ಕರ್ನಲ್‌ನಲ್ಲಿ ಇಟ್ಟುಕೊಂಡಿದೆ. ಅದಕ್ಕೇ ವಿಡಿಯೋದವರಿಗೆ ಅದು ಒಂದು ಸಾಲಿನ ಕೆಲಸವಾಗಿ ಕಾಣುತ್ತದೆ.

ಮನೆಯಲ್ಲಿ ಗೇಮ್ ಆಡಲು ತಮ್ಮದೇ ವಿಂಡೋಸ್ ವಿಎಂಗೆ ಗ್ರಾಫಿಕ್ಸ್ ಕಾರ್ಡ್ ಕೊಡುವವರು ಇದನ್ನು ಹಾಕಿಕೊಂಡರೆ ನಾನು ಬೈಯಲ್ಲ. ನಿಮ್ಮ ವಿಷಯ ಬೇರೆ. ಇಂಟರ್‌ನೆಟ್ಟಿಗೆ ಮುಖ ಕೊಟ್ಟು ನಿಲ್ಲುವುದೇ ಈ ಫೈರ್‌ವಾಲ್. ಮೊದಲ ಪೆಟ್ಟು ಬೀಳುವುದು ಅದಕ್ಕೆ, ಮತ್ತು ಅದರ ಕಾರ್ಡಿನ ಪಕ್ಕದಲ್ಲೇ ಹೋಸ್ಟಿನ ಡಿಸ್ಕ್ ಕಂಟ್ರೋಲರ್!

ಪ್ರಶ್ನೆ: ಹಾಗಾದರೆ ಗ್ರೂಪಿನಲ್ಲಿರುವುದನ್ನೆಲ್ಲ ಒಟ್ಟಿಗೇ ವಿಎಂಗೆ ಕೊಟ್ಟರೆ?

ಉತ್ತರ: ಹೋಸ್ಟ್ ಬೂಟ್ ಆಗಿರುವುದು ಆ ಸಾಟಾ ಡಿಸ್ಕಿನಿಂದಲೇ ಆಗಿದ್ದರೆ, ವಿಎಂ ಶುರು ಆದ ಕ್ಷಣಕ್ಕೆ ಹೋಸ್ಟಿಗೆ ಡಿಸ್ಕೇ ಇರುವುದಿಲ್ಲ. ಬೇಡ.

ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಚಿಪ್‌ಸೆಟ್ ಮೂಲಕ ಬರುವ ಸ್ಲಾಟುಗಳೇ ಹೀಗೆ ಗುಂಪಾಗುವುದು ಜಾಸ್ತಿ. ನೇರ ಸಿಪಿಯುಗೆ ಸೇರುವ ದೊಡ್ಡ ಸ್ಲಾಟ್ ಎಷ್ಟೋ ಸಲ ತನ್ನದೇ ಗ್ರೂಪಿನಲ್ಲಿರುತ್ತದೆ. ಬಯಾಸ್ ಅಪ್‌ಡೇಟ್‌ನಿಂದಲೂ ಗ್ರೂಪ್ ಬದಲಾಗುವುದುಂಟು. ಎರಡೂ ಆಗದಿದ್ದರೆ ಪಾಸ್‌ಥ್ರೂ ಬಿಟ್ಟು, ಹೋಸ್ಟಿನ ಸಾಫ್ಟ್‌ವೇರ್ ಬ್ರಿಡ್ಜ್ ಮೇಲೆ ವರ್ಟ್‌ಐಒ ಎಂಬ ವರ್ಚುವಲ್ ಕಾರ್ಡ್ ಕೊಡಿ. ಒಂದು ಗಿಗಾಬಿಟ್ ಲೈನಿಗೆ ಅದು ಧಾರಾಳ. ನಾಳೆ ಇನ್ನೊಂದು ಮೆಷಿನ್ ಬಂದರೆ, ಓಡುತ್ತಿರುವ ವಿಎಂ ಅನ್ನು ಅದಕ್ಕೆ ಸಾಗಿಸುವ ಲೈವ್ ಮೈಗ್ರೇಷನ್ ಕೂಡ ಮಾಡಬಹುದು. ಪಾಸ್‌ಥ್ರೂ ಮಾಡಿದ ವಿಎಂನ ರ‍್ಯಾಮ್ ಪೂರ್ತಿ ಮೊದಲೇ ಲಾಕ್ ಆಗಿ ಕೂರುತ್ತದೆ, ಬಲೂನಿಂಗ್‌ನಿಂದ (ವಿಎಂ ಬಳಸದ ರ‍್ಯಾಮನ್ನು ಹೋಸ್ಟ್ ಹಿಂದಕ್ಕೆ ಪಡೆಯುವುದು) ಉಳಿತಾಯ ಆಗಲ್ಲ.

ಇನ್ನೊಬ್ಬ ಸದಸ್ಯರು: ಹಳೇ ಸರ್ವರಿನಲ್ಲಿ 'ಅಲೋ ಅನ್‌ಸೇಫ್ ಇಂಟರಪ್ಟ್ಸ್' ಆನ್ ಮಾಡಿದರೆ ಮಾತ್ರ ಓಡುತ್ತದೆ ಮೇಡಂ. ಅದೂ ಅಪಾಯವೇ? ಐಒಎಂಎಂಯು ಅಂತೂ ಇದೆ.

ಉತ್ತರ: ಹೆಸರಲ್ಲೇ ಹೇಳಿದ್ದಾರಲ್ಲ ಸರ್, ಅನ್‌ಸೇಫ್ ಅಂತ! ಮೆಮೊರಿಗೆ ಕಾವಲಿದ್ದರೂ ಇಂಟರಪ್ಟ್‌ಗೆ (ಡಿವೈಸ್ ಸಿಪಿಯುವಿನ ಗಮನ ಸೆಳೆಯುವ ಸೂಚನೆ) ಕಾವಲಿಲ್ಲದ ಹಳೆಯ ಹಾರ್ಡ್‌ವೇರ್ ಅದು. ಎಂಎಸ್‌ಐ ಎಂಬ ಬಗೆಯ ಇಂಟರಪ್ಟ್ ಅಂದರೆ ಒಂದು ನಿರ್ದಿಷ್ಟ ವಿಳಾಸಕ್ಕೆ ಬರೆಯುವುದು, ಅಷ್ಟೇ. ಡಿವೈಸ್ ಕೈಯಲ್ಲಿರುವ ವಿಎಂ ತನಗೆ ಬೇಕಾದ ಇಂಟರಪ್ಟನ್ನು ಹೋಸ್ಟಿಗೆ ಹೊಡೆಯಬಹುದು. 2011ರಲ್ಲಿ ಭದ್ರತಾ ಸಂಶೋಧನೆಯ ಇನ್ವಿಸಿಬಲ್ ಥಿಂಗ್ಸ್ ಲ್ಯಾಬ್‌ನ ರಫಾಲ್ ವೊಯ್ಚುಕ್ ಮತ್ತು ಜೊವಾನ್ನಾ ರುಟ್ಕೋವ್‌ಸ್ಕಾ ಇದರಿಂದ ಹೋಸ್ಟನ್ನೇ ಹಿಡಿಯಬಹುದು ಎಂದು ತೋರಿಸಿದರು. ಇಂಟರಪ್ಟ್‌ಗಳನ್ನೂ ತಪಾಸಣೆ ಮಾಡುವ ಹಾರ್ಡ್‌ವೇರ್ ಸೌಲಭ್ಯ, ಇಂಟರಪ್ಟ್ ರೀಮ್ಯಾಪಿಂಗ್, ಇದನ್ನು ತಡೆಯುತ್ತದೆ. ಅದು ಇಲ್ಲದ ಮೆಷಿನ್‌ನಲ್ಲಿ ವಿಎಫ್‌ಐಒ ಡಿವೈಸ್ ಕೊಡುವುದಿಲ್ಲ, ನೀವು ಈ ಆಯ್ಕೆ ಹಾಕುವ ತನಕ. ಒಳಗಿರುವ ವಿಎಂ ಮೇಲೆ ಪೂರ್ತಿ ನಂಬಿಕೆ ಇದ್ದರೆ ನಿಮ್ಮಿಷ್ಟ. ಬೇರೆಯವರಿಗೆ ಕೊಡುವ ವಿಎಂ ಆದರೆ ಸರ್ವರ್ ಬದಲಿಸಿ.

ಇದೇ ಜೊವಾನ್ನಾ ಶುರು ಮಾಡಿದ, ಕೆಲಸಗಳನ್ನು ಬೇರೆ ಬೇರೆ ವಿಎಂಗಳಲ್ಲಿ ಇಡುವ ಕ್ಯೂಬ್ಸ್ ಓಎಸ್ ನೋಡಿ. ಅಲ್ಲಿ ಪಾಸ್‌ಥ್ರೂ ಇರುವುದೇ ಭದ್ರತೆಗೆ. ನೆಟ್‌ವರ್ಕ್ ಕಾರ್ಡು ಸಿಸ್-ನೆಟ್ ಎಂಬ ವಿಎಂಗೆ ಹೋಗುತ್ತದೆ, ಎಲ್ಲವನ್ನೂ ಆಳುವ ಮುಖ್ಯ ಭಾಗವಾದ ಡಾಮ್‌0ಗೆ ನೆಟ್‌ವರ್ಕೇ ಇಲ್ಲ. ಯುಎಸ್‌ಬಿ ಕಂಟ್ರೋಲರನ್ನು ಸಿಸ್-ಯುಎಸ್‌ಬಿಗೆ ಕೊಟ್ಟರೆ, ಅಲ್ಲಿಂದ ಬರುವ ಕೀಬೋರ್ಡನ್ನು ನೀವು ಅನುಮತಿ ಕೊಡದೆ ಡಾಮ್‌0 ಒಪ್ಪುವುದಿಲ್ಲ. ಪೆನ್‌ಡ್ರೈವ್ ಒಂದು ಕೀಬೋರ್ಡಿನ ವೇಷ ಹಾಕಿಕೊಂಡು ಬಂದರೆ ಅಂತ!

ಪ್ರಶ್ನೆ: ನಮ್ಮ ಹುಡುಗರಿಗೂ ವಿಎಂ ಮಾಡುವ ಅಧಿಕಾರ ಕೊಟ್ಟಿದ್ದೇನೆ. ಅವರೂ ಡಿವೈಸ್ ಸೇರಿಸಿಬಿಡಬಹುದಾ?

ಉತ್ತರ: ಸುಮ್ನೆ ಸೇರಿಸಲು ಬರಲ್ಲ. ಪಿಸಿಐ ವಿಳಾಸ ಬರೆದು ಡಿವೈಸ್ ಸೇರಿಸುವ ಹಕ್ಕು ರೂಟ್‌ಗೆ ಮಾತ್ರ. ಪ್ರಾಕ್ಸ್‌ಮಾಕ್ಸ್‌ನ 2023ರ 8.0 ಆವೃತ್ತಿಯಿಂದ ಮ್ಯಾಪಿಂಗ್ ಇದೆ: ಒಂದು ಡಿವೈಸಿಗೆ ನೀವು ಹೆಸರಿಟ್ಟು, ಆ ಹೆಸರನ್ನು ಬಳಸುವ ಅನುಮತಿಯನ್ನು ಬೇಕಾದವರಿಗೆ ಕೊಡಬಹುದು. ಹುಡುಗರಿಗೆ ರೂಟ್ ಪಾಸ್‌ವರ್ಡ್ ಹೇಳಿಬಿಟ್ಟಿದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ: ಬೋರ್ಡಿನ ಮೇಲಿನ ದೊಡ್ಡ ಸ್ಲಾಟ್ ಖಾಲಿ ಇದೆ. ಶನಿವಾರ ಆಫೀಸು ಮುಗಿದ ಮೇಲೆ ಬದಲಿಸುತ್ತೇನೆ.

ಉತ್ತರ: ಮಾಡಿ. ಬದಲಿಸುವ ಮೊದಲು ಮಾನಿಟರ್, ಕೀಬೋರ್ಡ್ ಹಚ್ಚಿಟ್ಟುಕೊಳ್ಳಿ. ಸ್ಲಾಟ್ ಬದಲಾದರೆ ಪಿಸಿಐ ಬಸ್ ನಂಬರುಗಳು ಜರುಗಬಹುದು. ಆಗ ಹೋಸ್ಟಿನ ಸ್ವಂತ ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಿ, ಪ್ರಾಕ್ಸ್‌ಮಾಕ್ಸ್‌ನ ವೆಬ್ ಪುಟ ತೆರೆಯದೆ ಹೋಗಬಹುದು. ನೆಟ್‌ವರ್ಕ್ ಕಾನ್ಫಿಗ್‌ನಲ್ಲಿ ಹೊಸ ಹೆಸರು ಹಾಕಿದರೆ ಸರಿಹೋಗುತ್ತದೆ. ಗ್ರೂಪ್ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ಇಲ್ಲೇ ಹಾಕಿ, ನೋಡೋಣ.