ಅಡ್ಮಿನ್ ನಾನೇ, ಆದರೂ ಫೈಲ್ ಸೇವ್ ಆಗುತ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್. ಒಂದು ವೆಬ್‌ಸೈಟ್ ಟೆಸ್ಟ್ ಮಾಡಲು ಹೋಸ್ಟ್ಸ್ ಫೈಲ್‌ಗೆ (ಯಾವ ವೆಬ್‌ಸೈಟ್ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಅಂತ ಕಂಪ್ಯೂಟರ್‌ಗೆ ಹೇಳುವ ಪಟ್ಟಿ) ಒಂದೇ ಒಂದು ಸಾಲು ಸೇರಿಸಬೇಕು. ಫೈಲ್ ಇರುವುದು ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ಬರೆದು ಸೇವ್ ಕೊಟ್ಟರೆ ‘ಸೇವ್ ಆ್ಯಸ್’ ಕೇಳುತ್ತದೆ. ಅಲ್ಲೇ ಸೇವ್ ಕೊಟ್ಟರೆ ನಿಮಗೆ ಅನುಮತಿ ಇಲ್ಲ, ಡಾಕ್ಯುಮೆಂಟ್ಸ್‌ನಲ್ಲಿ ಇಡಲಾ ಅನ್ನುತ್ತದೆ. ಇದರಲ್ಲಿ ಇರುವುದು ನನ್ನದೊಂದೇ ಅಕೌಂಟ್, ಅದೂ ಅಡ್ಮಿನ್. ಇಡೀ ಫೋಲ್ಡರ್‌ಗೆ ‘ಎವರಿಒನ್’ ಹೆಸರಲ್ಲಿ ಫುಲ್ ಕಂಟ್ರೋಲ್ ಕೊಟ್ಟುಬಿಡಿ ಅಂತ ಸ್ನೇಹಿತರು ಹೇಳಿದರು. ಕೊಡಲಾ?

ಉತ್ತರ: ದಯವಿಟ್ಟು ಕೊಡಬೇಡಿ. ಹಾಗೆ ಕೊಟ್ಟರೆ ನಿಮ್ಮ ಒಂದು ಸಾಲಿನ ಕೆಲಸ ಮುಗಿದ ಮೇಲೂ ಬಾಗಿಲು ತೆರೆದೇ ಇರುತ್ತದೆ. ನಾಳೆ ಯಾವುದೋ ಕೆಟ್ಟ ಪ್ರೋಗ್ರಾಂ ಬಂದು ನಿಮ್ಮ ಬ್ಯಾಂಕಿನ ವಿಳಾಸವನ್ನೇ ಬೇರೆ ಕಡೆ ತಿರುಗಿಸಬಹುದು. ಹೋಸ್ಟ್ಸ್ ಫೈಲ್ ಮಾಡುವ ಕೆಲಸವೇ ಅದು ಅಲ್ವಾ?

ನೀವು ಅಡ್ಮಿನ್, ನಿಜ. ಆದರೆ ನೀವು ತೆರೆದ ನೋಟ್‌ಪ್ಯಾಡ್‌ಗೆ ಆ ಅಧಿಕಾರ ಸಿಕ್ಕಿಲ್ಲ. ಅಡ್ಮಿನ್ ಲಾಗಿನ್ ಆದಾಗ ವಿಂಡೋಸ್ ಎರಡು ಟೋಕನ್, ಅಂದರೆ ಅಧಿಕಾರದ ಗುರುತಿನ ಚೀಟಿ, ಮಾಡಿಡುತ್ತದೆ. ಒಂದು ಸಾಮಾನ್ಯ ಬಳಕೆದಾರರದು, ಇನ್ನೊಂದು ಪೂರ್ತಿ ಅಧಿಕಾರದ್ದು. ಪ್ರೋಗ್ರಾಂಗಳು ಸುಮ್ನೆ ತೆರೆದರೆ ಮೊದಲನೆಯದರಲ್ಲೇ ಓಡುತ್ತವೆ. ಸ್ಕ್ರೀನ್ ಮಬ್ಬಾಗಿ ‘ಯೆಸ್, ನೋ’ ಕೇಳುತ್ತದಲ್ಲ, ಆಗ ಯೆಸ್ ಒತ್ತಿದರೆ ಮಾತ್ರ ಎರಡನೆಯದು ಸಿಗುತ್ತದೆ. ಇದಕ್ಕೆ ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಅಂತಾರೆ. 2007ರಲ್ಲಿ ವಿಂಡೋಸ್ ವಿಸ್ಟಾ ಜೊತೆ ಎಲ್ಲರ ಕೈಗೆ ಬಂತು. ಕಿರಿಕಿರಿ ಅಂತ ಇದನ್ನು ಆಫ್ ಮಾಡುವವರು ಇದ್ದಾರೆ. ನೀವು ಮಾಡಬೇಡಿ.

ಸ್ಟಾರ್ಟ್‌ನಲ್ಲಿ ನೋಟ್‌ಪ್ಯಾಡ್ ಹುಡುಕಿ. ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಆಮೇಲೆ ಆ ನೋಟ್‌ಪ್ಯಾಡ್‌ನ ಫೈಲ್ ಮೆನುವಿನಿಂದಲೇ ಹೋಸ್ಟ್ಸ್ ತೆರೆಯಿರಿ. ಫೋಲ್ಡರ್‌ಗಳನ್ನು ತೋರಿಸುವ ಫೈಲ್ ಎಕ್ಸ್‌ಪ್ಲೋರರ್‌ನಿಂದ ಎಳೆದು ತಂದು ಬಿಟ್ಟರೆ ಆಗುವುದಿಲ್ಲ. ಕಡಿಮೆ ಅಧಿಕಾರದ ಕಿಟಕಿಯಿಂದ ಜಾಸ್ತಿ ಅಧಿಕಾರದ ಕಿಟಕಿಗೆ ಫೈಲ್ ಎಳೆಯಲು ವಿಂಡೋಸ್ ಬಿಡುವುದಿಲ್ಲ. ಇಟಿಸಿಗೆ ಹೋದಾಗ ಫೋಲ್ಡರ್ ಖಾಲಿ ಕಂಡರೆ ಗಾಬರಿಯಾಗಬೇಡಿ. ನೋಟ್‌ಪ್ಯಾಡ್ ಟೆಕ್ಸ್ಟ್ ಫೈಲ್‌ಗಳನ್ನು ಮಾತ್ರ ತೋರಿಸುತ್ತಿರುತ್ತದೆ. ಕೆಳಗೆ ‘ಆಲ್ ಫೈಲ್ಸ್’ ಮಾಡಿ, ಹೋಸ್ಟ್ಸ್ ಕಾಣುತ್ತದೆ.

ಮರುಪ್ರಶ್ನೆ: ಸೇವ್ ಆಯಿತು ಮೇಡಂ, ತುಂಬಾ ಥ್ಯಾಂಕ್ಸ್. ಆದರೆ ವೆಬ್‌ಸೈಟ್ ಮಾತ್ರ ಹಳೆಯ ಕಡೆಗೇ ಹೋಗುತ್ತಿದೆ. ಇನ್ನೊಂದು ವಿಷಯ, ನಿನ್ನೆ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿ ಇಟಿಸಿಗೆ ಕಾಪಿ ಮಾಡಿದ್ದೆ. ಈಗ ಅಲ್ಲಿ ಎರಡು ಹೋಸ್ಟ್ಸ್ ಕಾಣುತ್ತಿವೆ.

ಉತ್ತರ: ಸಿಕ್ಕಿತು ನೋಡಿ! ಒಂದು ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಸಾಧ್ಯವೇ ಇಲ್ಲ. ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಟಿಕ್ ಮಾಡಿ. ಒಂದರ ಬಾಲದಲ್ಲಿ ಡಾಟ್ ಟಿಎಕ್ಸ್‌ಟಿ ಕಾಣುತ್ತದೆ. ಅದು ನೋಟ್‌ಪ್ಯಾಡ್ ತಾನಾಗಿ ಅಂಟಿಸಿದ್ದು. ವಿಂಡೋಸ್ ಓದುವುದು ಬಾಲವಿಲ್ಲದ ಹೋಸ್ಟ್ಸ್ ಅನ್ನು ಮಾತ್ರ. ನೀವು ಇವತ್ತು ತಿದ್ದಿದ್ದೂ ಬಾಲದ್ದೇ ಇರಬೇಕು. ಅದನ್ನು ಅಳಿಸಿ, ಸಾಲನ್ನು ಸರಿಯಾದದ್ದಕ್ಕೆ ಸೇರಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ.

ಮತ್ತೆ ಯಾವತ್ತಾದರೂ ಡೆಸ್ಕ್‌ಟಾಪ್‌ನಿಂದ ಒಯ್ಯುವುದಾದರೆ ಕಾಪಿಯನ್ನೇ ಮಾಡಿ, ಕಟ್ ಬೇಡ. ಕಾಪಿ ಮಾಡಿದರೆ ಫೈಲ್‌ಗೆ ಹೊಸ ಫೋಲ್ಡರ್‌ನ ಅನುಮತಿಗಳು ಬರುತ್ತವೆ. ಒಂದೇ ಡ್ರೈವ್‌ನಲ್ಲಿ ಕಟ್ ಮಾಡಿ ಹಾಕಿದರೆ ಹಳೆಯ ಅನುಮತಿಗಳೇ ಉಳಿದುಕೊಳ್ಳಬಹುದು.

ಇನ್ನೊಬ್ಬರ ಪ್ರಶ್ನೆ: ನನ್ನ ಕಥೆ ಉಲ್ಟಾ. ಡಾಕ್ಯುಮೆಂಟ್ಸ್‌ನಲ್ಲೇ ಸೇವ್ ಆಗುತ್ತಿಲ್ಲ. ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟರೂ ಅಷ್ಟೇ.

ಉತ್ತರ: ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಇದೆಯಾ ನೋಡಿ. ನಂಬಿಕೆ ಇಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳಲ್ಲಿ ಬರೆಯದಂತೆ ತಡೆಯುವ ಕಾವಲು ಅದು. 2017ರಲ್ಲಿ ವಿಂಡೋಸ್ 10ರ 1709 ಆವೃತ್ತಿಯಲ್ಲಿ ಬಂದದ್ದು. ಇದು ಯಾರು ಕೇಳುತ್ತಿದ್ದಾರೆ ಅಂತ ನೋಡುವುದಿಲ್ಲ, ಯಾವ ಪ್ರೋಗ್ರಾಂ ಅಂತ ನೋಡುತ್ತದೆ. ಹಾಗಾಗಿ ಅಡ್ಮಿನ್ ಆದರೂ ತಡೆಯುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ, ನೀವು ನಂಬುವ ಆ ಒಂದು ಪ್ರೋಗ್ರಾಂಗೆ ಅನುಮತಿ ಕೊಡಿ. ಪೂರ್ತಿ ಆಫ್ ಮಾಡುವುದು ಬೇಡ.

ಮತ್ತೊಬ್ಬರ ಪ್ರಶ್ನೆ: ಮೇಡಂ, ನನ್ನದು ಹಳೆಯ ಲೆಕ್ಕದ ಸಾಫ್ಟ್‌ವೇರ್, ಪ್ರೋಗ್ರಾಂ ಫೈಲ್ಸ್‌ನಲ್ಲಿದೆ. ನಮೂದುಗಳು ಸೇವ್ ಆಗುತ್ತವೆ, ಮರುದಿನ ತೆರೆದರೂ ಇರುತ್ತವೆ. ಆದರೆ ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ನೋಡಿದರೆ ಡೇಟಾ ಫೈಲ್‌ನ ತಾರೀಖು ಬಹಳ ಹಳೆಯದು. ಇವತ್ತು ಮೇಲಿನ ಉತ್ತರ ಓದಿ ಅಡ್ಮಿನ್ ಆಗಿ ತೆರೆದೆ, ಎಲ್ಲ ನಮೂದೂ ಮಾಯ! ಕೈಕಾಲು ಆಡುತ್ತಿಲ್ಲ.

ಉತ್ತರ: ಸಮಾಧಾನ ಮಾಡಿಕೊಳ್ಳಿ, ನೀವು ಹೇಳುವುದು ನೋಡಿದರೆ ಡೇಟಾ ಇದೆ. ಸಾಫ್ಟ್‌ವೇರ್ ಮುಚ್ಚಿ. ಅಡ್ಮಿನ್ ಆಗಿ ಮತ್ತೆ ತೆರೆಯಬೇಡಿ, ಹೊಸದೇನೂ ಬರೆಯಬೇಡಿ.

ವಿಸ್ಟಾಗಿಂತ ಮೊದಲಿನ ಕಾಲದ 32-ಬಿಟ್ ಪ್ರೋಗ್ರಾಂಗಳು ತಮ್ಮ ಫೋಲ್ಡರ್‌ನಲ್ಲೇ ಬರೆಯಲು ಹೋಗುತ್ತವೆ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಅಡ್ಮಿನ್ ಅಧಿಕಾರ ಬೇಕು, ಆದರೆ ತಡೆದರೆ ಅವು ನಿಂತೇ ಹೋಗುತ್ತವೆ. ಅದಕ್ಕೆ ವಿಂಡೋಸ್ ಆ ಬರಹವನ್ನು ನಿಮ್ಮ ಖಾಸಗಿ ಜಾಗಕ್ಕೆ ತಿರುಗಿಸುತ್ತದೆ. ಸಿ ಡ್ರೈವ್‌ನ ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ಲೋಕಲ್, ಅಲ್ಲಿ ವರ್ಚುವಲ್‌ಸ್ಟೋರ್. ಆ್ಯಪ್‌ಡೇಟಾ ಅಡಗಿರುತ್ತದೆ, ವ್ಯೂನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿ. ಸಾಫ್ಟ್‌ವೇರ್‌ಗೆ ಇದು ಗೊತ್ತೇ ಆಗುವುದಿಲ್ಲ, ಪ್ರೋಗ್ರಾಂ ಫೈಲ್ಸ್‌ನಲ್ಲೇ ಬರೆದೆ ಅಂದುಕೊಳ್ಳುತ್ತದೆ. ಅಡ್ಮಿನ್ ಆಗಿ ತೆರೆದಾಗ ಈ ತಿರುವು ಇರುವುದಿಲ್ಲ. ಆಗ ಕಾಣುವುದು ಪ್ರೋಗ್ರಾಂ ಫೈಲ್ಸ್‌ನ ಹಳೆಯ ಪ್ರತಿ. ನಿಮಗೆ ಆಗಿರುವುದು ಇದೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಒಬ್ಬರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲು ಪ್ರೋಗ್ರಾಂ ಫೈಲ್ಸ್‌ನ ಫೋಲ್ಡರನ್ನು ಜೋಪಾನವಾಗಿ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರು. ನನ್ನ ಹತ್ತಿರ ಬಂದಾಗ ಫಾರ್ಮ್ಯಾಟ್ ಮುಗಿದಿತ್ತು. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಇನ್‌ಸ್ಟಾಲ್ ಮಾಡಿದ ದಿನದ ಖಾಲಿ ಫೈಲ್. ಅವರ ಮುಖ ನನಗೆ ಇನ್ನೂ ನೆನಪಿದೆ.

ಮೊದಲು ವರ್ಚುವಲ್‌ಸ್ಟೋರ್ ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಆಮೇಲೆ ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಡೇಟಾ ಫೋಲ್ಡರ್ ಬದಲಿಸಲು ಬಂದರೆ ಡಾಕ್ಯುಮೆಂಟ್ಸ್‌ಗೆ ಬದಲಿಸಿ. ಬರದಿದ್ದರೆ ಪ್ರೋಗ್ರಾಂ ಫೈಲ್ಸ್ ಬಿಟ್ಟು ಬೇರೆ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಎರಡರಲ್ಲಿ ಯಾವುದಾದರೂ, ವರ್ಚುವಲ್‌ಸ್ಟೋರ್‌ನ ಡೇಟಾ ಫೈಲನ್ನು ಆ ಹೊಸ ಜಾಗಕ್ಕೆ ಕಾಪಿ ಮಾಡಿ.

ಮರುಪ್ರಶ್ನೆ: ಸಿಕ್ಕಿತು ಮೇಡಂ! ನಿನ್ನೆಯ ತಾರೀಖಿನ ಫೈಲ್ ಅಲ್ಲೇ ಇದೆ. ಪ್ರೋಗ್ರಾಂ ಫೈಲ್ಸ್‌ನ ಹಳೆಯದನ್ನು ಅಳಿಸಿಬಿಡಲಾ?

ಉತ್ತರ: ಈಗಲೇ ಬೇಡ. ಹೊಸ ಜಾಗದಿಂದ ಸಾಫ್ಟ್‌ವೇರ್ ತೆರೆದು ಕೊನೆಯ ನಾಲ್ಕು ನಮೂದು ಸರಿಯಾಗಿವೆಯಾ ನೋಡಿ. ಒಂದು ಹೊಸ ನಮೂದು ಹಾಕಿ, ಮುಚ್ಚಿ, ಎಕ್ಸ್‌ಪ್ಲೋರರ್‌ನಲ್ಲಿ ಆ ಫೈಲ್‌ನ ತಾರೀಖು ಬದಲಾಯಿತಾ ನೋಡಿ. ಬದಲಾಗಿದ್ದರೆ ಹಳೆಯದನ್ನು ಅಳಿಸಿ. ಡ್ರೈವ್‌ನಲ್ಲಿ ಇಟ್ಟ ಕಾಪಿ ಮಾತ್ರ ಹಾಗೇ ಇರಲಿ.