ಹಿಮ್ಮಡಿಯ ಮೇಲಿನ ನೋವು: ಓಟ ನಿಲ್ಲಿಸಬೇಕೇ, ಮುಂದುವರಿಸಬೇಕೇ?

ಕೇಳಿದವರು, ಕಡೂರಿನ ತಂದೆ:

ರಾಜ್ಯಮಟ್ಟದಲ್ಲಿ 1500 ಮೀಟರ್ ಓಡುವ ನನ್ನ ಮಗಳಿಗೆ ಮೂರು ವಾರಗಳಿಂದ ಬೆಳಿಗ್ಗೆ ಎದ್ದೊಡನೆ ಹಿಮ್ಮಡಿಯ ಮೇಲ್ಭಾಗ ಬಿಗಿದುಕೊಳ್ಳುತ್ತಿದೆ. ನಾಲ್ಕು ಸುತ್ತು ಓಡಿದರೆ ಸಡಿಲವಾಗುತ್ತದೆ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಸ್ವಲ್ಪ ದಪ್ಪವಾಗಿದೆ, ಹರಿದಿಲ್ಲ ಎಂದು ಸ್ಕ್ಯಾನಿಂಗ್ ವರದಿ ಹೇಳುತ್ತದೆ. ಕ್ರೀಡಾಕೂಟಕ್ಕೆ ಹತ್ತು ವಾರಗಳಿವೆ. ಓಟವನ್ನು ಪೂರ್ತಿ ನಿಲ್ಲಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನ ಮಾಜಿ ಓಟಗಾರ್ತಿ:

ಪೂರ್ತಿ ನಿಲ್ಲಿಸಬೇಡಿ. ನಾನು ಮಾಡಿದ ತಪ್ಪು ಅದೇ. ಇದೇ ಹಂತದಲ್ಲಿ ಆರು ವಾರ ಕಾಲು ಚಾಚಿ ಕುಳಿತೆ; ನೋವು ಹೋಯಿತು, ವಾಸಿಯಾಯಿತೆಂದು ನಂಬಿ ಕೈಮರದಿಂದ ಸೀತಾಳಯ್ಯನಗಿರಿಯ ಕಡೆಗೆ ಏರುವ ರಸ್ತೆಯಲ್ಲಿ ಮೊದಲಿನ ವೇಗದಲ್ಲೇ ಓಡಿದೆ, ಮರುದಿನ ಮೆಟ್ಟಿಲಿಳಿಯಲೂ ಆಗಲಿಲ್ಲ. ವಿಶ್ರಾಂತಿಯಲ್ಲಿ ನೋವು ತಣ್ಣಗಾಗುತ್ತದೆ, ಆದರೆ ಭಾರ ಹೊರುವ ಶಕ್ತಿಯೂ ಕುಗ್ಗುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ನಮ್ಮ ಊರಿನ ಏರುರಸ್ತೆಗಳು ಉಸಿರಿಗೆ ಒಳ್ಳೆಯವು, ನೊಂದ ಅಕಿಲಿಸ್‌ಗೆ ಅಲ್ಲ: ಏರಿನಲ್ಲಿ ಪಾದ ಹೆಚ್ಚು ಮಡಚಿ, ರಜ್ಜು ಎಳೆದುಕೊಂಡ ಸ್ಥಿತಿಯಲ್ಲೇ ದುಡಿಯಬೇಕಾಗುತ್ತದೆ.

ಎರಡನೆಯ ಬಾರಿ ಏರನ್ನೂ ಸ್ಪೈಕ್ಸನ್ನೂ (ಮೊಳೆಯಿರುವ ಓಟದ ಬೂಟು) ವೇಗದ ಸುತ್ತುಗಳನ್ನೂ ಮಾತ್ರ ಬಿಟ್ಟು, ಸಮತಟ್ಟಾದ ಮೈದಾನದಲ್ಲಿ ದಿನ ಬಿಟ್ಟು ದಿನ ನಿಧಾನವಾಗಿ ಓಡಿದೆ. ಬಿರುಸಿನ ಅಭ್ಯಾಸದ ನಂತರದ 24ರಿಂದ 36 ಗಂಟೆ ರಜ್ಜುವಿನಲ್ಲಿ ಅದರ ನಾರಿನ ಪ್ರೋಟೀನಾದ ಕೊಲಾಜೆನ್ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚಾಗಿರುವುದರಿಂದ ಆ ಬಿಡುವು ಬೇಕೇ ಬೇಕು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಐದನ್ನು ದಾಟಬಾರದು, ಮರುದಿನ ಬೆಳಗಿನ ಬಿಗಿತ ಹಿಂದಿನ ದಿನಕ್ಕಿಂತ ಹೆಚ್ಚಬಾರದು ಎಂಬ ನಿಯಮವನ್ನು ನನ್ನ ಫಿಸಿಯೋಥೆರಪಿಸ್ಟ್ ಹಾಕಿಕೊಟ್ಟಿದ್ದರು. ಓಡುವಾಗಿನ ನೋವನ್ನು ನಂಬಬೇಡಿ, ಮೈ ಬಿಸಿಯಾದ ಮೇಲೆ ಅದು ಮರೆಯಾಗುತ್ತದೆ. ನಿಜ ಹೇಳುವುದು ಬೆಳಗಿನ ಮೊದಲ ಹತ್ತು ಹೆಜ್ಜೆ.

ವ್ಯಾಯಾಮವೆಂದರೆ ಮೊದಲು ಹಿಮ್ಮಡಿ ಎತ್ತಿ 45 ಸೆಕೆಂಡು ಹಾಗೆಯೇ ನಿಲ್ಲುವುದು, ಐದು ಬಾರಿ. ಎರಡು ವಾರಗಳ ನಂತರ ನಿಧಾನವಾಗಿ ಎತ್ತಿ ಇಳಿಸುವುದು, ಆಮೇಲೆ ಬೆನ್ನಚೀಲದಲ್ಲಿ ಐದು ಕಿಲೋ ಅಕ್ಕಿ, ಕೊನೆಗೆ ಹದಿನೈದು. ಸ್ವೀಡನ್ನಿನ ವೈದ್ಯ ಹೋಕನ್ ಆಲ್‌ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ, ದಿನಕ್ಕೆ 180 ಬಾರಿ ಹಿಮ್ಮಡಿ ಇಳಿಸುವ 12 ವಾರಗಳ ಕ್ರಮವನ್ನು ಅನೇಕರು ಸೂಚಿಸುತ್ತಾರೆ. ಅದು ಹಳೆಯ ನೋವಿಗಾಗಿ ರೂಪಿಸಿದ್ದು. ಮೂರು ವಾರದ ಕೆರಳಿದ ರಜ್ಜುವಿಗೆ ಮೊದಲ ದಿನದಿಂದಲೇ ಅಷ್ಟು ಹೊರಿಸುವುದು ಸರಿಯಲ್ಲವೆಂದು ನನಗನಿಸುತ್ತದೆ.

ಹಾಸನದ ಫಿಸಿಯೋಥೆರಪಿಸ್ಟ್:

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಮೂಳೆಗೆ ಅಂಟಿಕೊಳ್ಳುವಲ್ಲೇ ಇದ್ದರೆ ಮೆಟ್ಟಿಲಿನ ಅಂಚಿನಿಂದ ಹಿಮ್ಮಡಿಯನ್ನು ಕೆಳಗಿಳಿಸಬಾರದು, ಮೀನಖಂಡವನ್ನು ಜಗ್ಗಿ ಹಿಗ್ಗಿಸಲೂಬಾರದು, ಏಕೆಂದರೆ ರಜ್ಜು ಮೂಳೆಗೆ ಒತ್ತಿಕೊಳ್ಳುತ್ತದೆ. ಕೂಟ ಹತ್ತಿರವಿದೆಯೆಂದು ಸ್ಟೆರಾಯ್ಡ್ ಇಂಜೆಕ್ಷನ್‌ಗೆ ದಯವಿಟ್ಟು ಒಪ್ಪಬೇಡಿ. ನೋವು ಕೆಲವು ವಾರ ಅಡಗಿದರೂ ರಜ್ಜು ಹರಿಯುವ ಅಪಾಯವಿದೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ವೈದ್ಯರಿಗೆ ತಿಳಿಸಿ, ಅದೂ ರಜ್ಜುವಿಗೆ ಹಾನಿ ಮಾಡಬಹುದು.

ಕೂಟದ ಆಸೆ ನನಗೆ ಅರ್ಥವಾಗುತ್ತದೆ. ಚೀನಾದ ಹರ್ಡಲ್ಸ್ ಓಟಗಾರ ಲಿಯು ಶಿಯಾಂಗ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಕಿಲಿಸ್ ನೋವಿನಿಂದ ಹಿಂದೆ ಸರಿದರು. 2012ರಲ್ಲಿ ಲಂಡನ್ನಿನಲ್ಲಿ ಮೊದಲ ಹರ್ಡಲ್‌ಗೇ ಬಿದ್ದಾಗ ಅವರ ಅಕಿಲಿಸ್ ಹರಿದಿತ್ತು. ನಿಮ್ಮ ಮಗಳದು ಇನ್ನೂ ಆರಂಭದ ಹಂತ. ಬೆಳಗಿನ ನೋವಿನ ಅಂಕಿಯನ್ನು ದಿನವೂ ಬರೆದಿಡಿ, ಆರನೆಯ ವಾರದಲ್ಲಿ ಆ ಪುಸ್ತಕವನ್ನು ತರಬೇತುದಾರರ ಮುಂದಿಟ್ಟು, ಕೂಟದ ಬಗ್ಗೆ ಆಗ ತೀರ್ಮಾನಿಸಿ.