‘ಊಟಕ್ಕೇನೂ ತೊಂದರೆ ಇಲ್ಲ’ ಅನ್ನೋ ಮನೆಯಲ್ಲಿ ಏನು ಕೇಳಬೇಕು?

ಪ್ರಶ್ನೆ (ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ):
ಪ್ರಾಜೆಕ್ಟ್‌ಗೆ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಒಂದು ಹಳ್ಳಿ ಸುತ್ತಿದೆ. ಊಟದ ಕೊರತೆ ಅಳೆಯಲು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಸಂಸ್ಥೆ) ಮಾಡಿರುವ ಎಂಟು ಪ್ರಶ್ನೆಗಳನ್ನೇ ಕೇಳಿದೆ. ಊಟ ಸಾಲದು ಅನ್ನೋ ಚಿಂತೆ ಇತ್ತಾ, ಒಂದು ಹೊತ್ತು ಬಿಟ್ಟಿರಾ, ಇಡೀ ದಿನ ಉಪವಾಸ ಇದ್ದಿರಾ, ಹೀಗೆ. ಹೆಚ್ಚಿನವರು ಎಲ್ಲದಕ್ಕೂ ‘ಇಲ್ಲ’ ಅಂದರು. ಆದರೆ ಅದೇ ಊರಲ್ಲಿ ತೂಕ ಕಡಿಮೆ ಇರುವ ಮಕ್ಕಳು ಜಾಸ್ತಿ ಇದ್ದಾರೆ. ನಾನು ತಪ್ಪಿದ್ದೆಲ್ಲಿ?

ಉತ್ತರ (ಅಂಗನವಾಡಿ ಟೀಚರ್):
ತಂಗಿ, ಪ್ರಶ್ನೆ ಸರಿಯಿವೆ. ಯಾರ ಮುಂದೆ ಕೇಳಿದೆ ಅನ್ನೋದನ್ನು ನೋಡು. ಅತ್ತೆ, ಗಂಡ ಕಟ್ಟೆ ಮೇಲೆ ಕೂತಿರುವಾಗ ‘ಉಪವಾಸ ಮಲಗಿದ್ದೆ’ ಅಂತ ಯಾವ ಸೊಸೆ ಹೇಳುತ್ತಾಳೆ? ಅದು ಮನೆ ಮರ್ಯಾದೆಯ ಮಾತು.

ಒಲೆ ಹತ್ತಿರ ಕೂತು, ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ತಿಂದೆ ಅಂತ ಕೇಳು. ಒಬ್ಬಳು ನನಗೆ ಹೇಳಿದಳು: ಬೆಳಿಗ್ಗೆ ಹಾಲಿಲ್ಲದ ಚಹಾ, ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ರಾತ್ರಿ ಅನ್ನ, ಬೇಳೆ ಕಟ್ಟು. ‘ಬೇಳೆ ಎಲ್ಲಿ ಹೋಯ್ತು?’ ಅಂದೆ. ‘ಅವರ ತಾಟಿಗೆ ಟೀಚರ್. ನಾನು ಕೊನೆಗೆ ಉಣ್ಣೋದಲ್ವಾ’ ಅಂದಳು. ಆಗ ಅವಳಿಗೆ ಏಳು ತಿಂಗಳು.

ಉತ್ತರ (ಸಮೀಕ್ಷೆ ಕೆಲಸ ಮಾಡುವವರು):
ಟೀಚರ್ ಹೇಳಿದ್ದಕ್ಕೆ ಅಳತೆಯೂ ಇದೆ. 15ರಿಂದ 49 ವರ್ಷದ ಹೆಂಗಸರ ಊಟವನ್ನು ಧಾನ್ಯ, ಕಾಳು, ಹಾಲು, ಮೊಟ್ಟೆ, ಸೊಪ್ಪು ಅಂತ 10 ಗುಂಪು ಮಾಡುತ್ತಾರೆ. ದಿನಕ್ಕೆ 5 ಗುಂಪಾದರೂ ತಟ್ಟೆಗೆ ಬರಬೇಕು. ಆಕೆಗೆ ಸಿಕ್ಕಿದ್ದು ಎರಡೇ: ಧಾನ್ಯ, ತರಕಾರಿ. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ (ಬಿಪಿಎಲ್) ಕಾರ್ಡಿನ ಮನೆಯಲ್ಲಿ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯ ಕೊಡಿಸುತ್ತದೆ. ಹೊಟ್ಟೆ ತುಂಬಿಸಲು ಅದು ಬೇಕೇ ಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (ಎನ್‌ಎಫ್‌ಎಚ್‌ಎಸ್) ಕರ್ನಾಟಕದ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಅಕ್ಕಿ ಚೀಲ ಎಣಿಸಿದರೆ ಇದು ಕಾಣಿಸಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಅವಳ ತಟ್ಟೆಗೆ ಬೇಳೆ ಬರೋದು ಹೇಗೆ ಟೀಚರ್?

ಉತ್ತರ (ಅಂಗನವಾಡಿ ಟೀಚರ್):
2017ರಲ್ಲಿ ಮಾತೃಪೂರ್ಣ ಬಂತು. ಗರ್ಭಿಣಿ, ಬಾಣಂತಿ ಅಂಗನವಾಡಿಗೇ ಬಂದು ಬಿಸಿಯೂಟ, ಮೊಟ್ಟೆ ತಿನ್ನೋದು. ನನಗೆ ಅದು ಬಹಳ ಹಿಡಿಸಿತು. ಇಲ್ಲಿ ಅವಳ ಮೊಟ್ಟೆ ಅವಳದೇ, ಇನ್ನೊಬ್ಬರ ತಾಟಿಗೆ ಹೋಗಲ್ಲ. ಆದರೆ ಹತ್ತಿ ಬಿಡಿಸೋ ಕಾಲದಲ್ಲಿ ಕೂಲಿ ಬಿಟ್ಟು ಮಧ್ಯಾಹ್ನ ಯಾರು ಬರುತ್ತಾರೆ? ಊಟದ ಹೊತ್ತು ಅವರ ಕೂಲಿ ಹೊತ್ತಿಗೆ ಹೊಂದಬೇಕು. ನಿನ್ನ ವರದಿಯಲ್ಲಿ ಇದನ್ನು ಬರಿ.

ಇನ್ನೊಂದು ಸಲ ಹೋಗು. ಸಾಯಂಕಾಲ ಹೋಗು, ಕೂಲಿಯಿಂದ ಬಂದಿರುತ್ತಾರೆ. ಮೊದಲ ಹತ್ತು ನಿಮಿಷ ಆ ಪ್ರಶ್ನೆಗಳ ಪೇಪರ್ ಚೀಲದಲ್ಲೇ ಇರಲಿ.